ಡ್ರಮ್ಮಕ್ಕ ಹೇಳಿದ ಸುಳ್ಳು

ಗಂಡನ ಪೂರ್ತಿ ಮುಖ ನೋಡುವ ಮೊದಲೇ ಅವಳು ಅವನನ್ನು ಮೆಚ್ಚಿದ್ದಳು. ಆಗಿನ್ನೂ ಅವಳಿಗೆ ಡ್ರಮ್ಮಕ್ಕ ಎಂಬ ಹೆಸರು ಬಿದ್ದಿರಲಿಲ್ಲ. ಟೊಮೆಟೊ ಬೆಳೆಯುವ ದೊಡ್ಡ ಹಸಿರುಮನೆಗಳ ತೋಟವೊಂದರಲ್ಲಿ, ಸಸಿ ಶೆಡ್ಡಿನ ಉದ್ದನೆಯ ಮೇಜಿನ ಮುಂದೆ ನಿಂತು ಟ್ರೇಯ ಗುಳಿಗಳಿಗೆ ಬೀಜ ಹಾಕುವುದು ಅವಳ ಕೆಲಸ. ಅವನು ಔಷಧಿ ಹೊಡೆಯುವವನು. ಮೈಗೆ ಹಳದಿ ಕೋಟು, ಬೆನ್ನಿಗೆ ಟ್ಯಾಂಕು, ಮೂಗು ಬಾಯಿ ಮುಚ್ಚುವ ಮಾಸ್ಕು. ಕಾಣುತ್ತಿದ್ದುದು ಕಣ್ಣು ಮಾತ್ರ. ಶೆಡ್ಡಿನ ಬಾಗಿಲಲ್ಲಿ ನಿಂತು, "ಸಸಿಗಳಿಗೆ ನುಸಿ ಬಂದಿದ್ಯಾ?" ಎಂದು ಕೇಳುವನು. ಬಂದಿರದಿದ್ದರೂ ಅವಳು, "ಸ್ವಲ್ಪ ಬಂದಿರೋ ಹಾಗಿದೆ, ಒಳಗೆ ಬಂದು ನೋಡಿ" ಎನ್ನುವಳು. ಅವನು ಒಂದೊಂದೇ ಎಲೆಯನ್ನು ಮಗುವಿನ ಕಿವಿ ಹಿಡಿದಂತೆ ಮೆಲ್ಲಗೆ ತಿರುಗಿಸಿ ನೋಡುವನು. ಮದುವೆಯಾದ ಮೇಲೆ ಗೆಳತಿಯರು, "ಬರೀ ಕಣ್ಣು ನೋಡಿ ಒಪ್ಕೊಂಡ್ಯಲ್ಲೇ, ಮಿಕ್ಕಿದ್ದು ಹೇಗಿದೆ?" ಎಂದು ಕಿಚಾಯಿಸಿದರೆ, "ಮೂಗು ಸ್ವಲ್ಪ ದಪ್ಪ ಬಂದಿದೆ, ವಾಪಸ್ ತಗೊಳ್ತಾರಾ ಕೇಳ್ಬೇಕು" ಎಂದು ನಗುತ್ತಿದ್ದಳು.

ಅವನು ಆ ಕೆಲಸದಲ್ಲಿ ಎತ್ತಿದ ಕೈ. ಎಲೆಯ ಬೆನ್ನು ನೋಡಿದರೆ ಸಾಕು, ಇದು ಬಿಳಿನೊಣ, ಇದು ನುಸಿ, ಇದು ಬೂಷ್ಟು ಎಂದು ಹೇಳಿಬಿಡುತ್ತಿದ್ದ. ಜನರ ಬಾಯಲ್ಲಿ ಹುಳ ಕೊಲ್ಲುವ ವಿಷಕ್ಕೂ ಔಷಧಿ ಎಂದೇ ಹೆಸರಲ್ಲವೇ? ಹಾಗಾಗಿ ಅವನು ಎಲ್ಲರಿಗೂ ಔಷಧಿಯಣ್ಣ. ಆ ಹೆಸರನ್ನು ಅವನೂ ಮನಸಾರೆ ನಂಬಿದ್ದ. ಗಿಡ ರೋಗಿ, ತಾನು ವೈದ್ಯ. ರಜೆಯ ದಿನವೂ ತೋಟದಲ್ಲಿ ಒಂದು ಸುತ್ತು ಹಾಕಿ ಬಂದರೇ ಅವನಿಗೆ ಊಟ ಸೇರುತ್ತಿದ್ದುದು.

ಆದರೆ ಬಯಲಲ್ಲಿ ಔಷಧಿ ಹೊಡೆಯುವುದು ಬೇರೆ, ಹಸಿರುಮನೆಯೊಳಗೆ ಹೊಡೆಯುವುದು ಬೇರೆ. ಬಯಲಲ್ಲಾದರೆ ಅರ್ಧವನ್ನು ಗಾಳಿ ಹೊತ್ತೊಯ್ಯುತ್ತದೆ. ಪ್ಲಾಸ್ಟಿಕ್ ಹಾಳೆಯ ಮಾಡಿನಡಿ ಹೊಡೆದದ್ದು ಅಲ್ಲೇ ತೂಗಾಡುತ್ತದೆ, ಬೆವರಿನೊಡನೆ ಕುತ್ತಿಗೆಯಿಂದ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಒಳಗೆ ಹೋದರೆ ಮುಚ್ಚಳ ಹಾಕಿದ ಪಾತ್ರೆಯೊಳಗೆ ಹೊಕ್ಕಂತೆ. ಆ ಕಾವಿಗೆ ಮಾಸ್ಕಿನೊಳಗೆ ಉಸಿರು ಕಟ್ಟಿ, ಅವನು ಅದನ್ನು ಗದ್ದಕ್ಕೆ ಇಳಿಸಿಕೊಂಡೇ ಕೆಲಸ ಮಾಡುತ್ತಿದ್ದ. ಮನೆಗೆ ಬಂದರೆ ಸ್ನಾನವಾಗುವ ತನಕ ಮಗಳನ್ನು ಎತ್ತಿಕೊಳ್ಳಲು ಹೆಂಡತಿ ಬಿಡುತ್ತಿರಲಿಲ್ಲ. ಅವನ ಅಂಗಿಗಳಿಗೆ ಬೇರೆಯೇ ಬಕೆಟ್ಟು. ನೆನೆಸಿ, ಒಗೆದು, ಮತ್ತೆ ಒಗೆದರೂ ಒಂದು ವಾಸನೆ ಉಳಿದೇ ಇರುತ್ತಿತ್ತು. ಹಳಸಿದ ಬೆಳ್ಳುಳ್ಳಿಗೆ ಸೀಮೆಎಣ್ಣೆ ಸುರಿದಂಥದ್ದು.

ಮಗಳು ಬೆಳೆದು ಬೇಕರಿಯೊಂದರಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಔಷಧಿಯಣ್ಣನ ಕೈಯಲ್ಲಿ ಚಹಾದ ಲೋಟ ನಡುಗತೊಡಗಿತ್ತು. ಬೆಳಿಗ್ಗೆ ಎದ್ದರೆ ಕೆಮ್ಮು. ಹೆಂಡತಿ ಬಲವಂತ ಮಾಡಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರು, "ಮುಚ್ಚಿದ ಜಾಗದಲ್ಲಿ ಈ ಕೆಲಸ ಇನ್ನು ಬೇಡ" ಎಂದರು. ಹೊರಗೆ ಬಂದ ಮೇಲೆ ಅವನು ಮೆಟ್ಟಿಲ ಮೇಲೇ ನಿಂತು ಕೇಳಿದ:

"ಬಿಟ್ಟು ಏನ್ಮಾಡ್ಲಿ? ಕೈ ನಡುಗೋನಿಗೆ ಯಾರು ಬೇರೆ ಕೆಲಸ ಕೊಡ್ತಾರೆ ಹೇಳು."

ಬೇರೆ ಯಾವುದಾದರೂ ದಾರಿ ತಾನಾಗಿಯೇ ತೆರೆದುಕೊಳ್ಳಲೆಂದು ಅವಳು ಒಳಗೊಳಗೇ ಬೇಡಿಕೊಂಡಳು. ದಾರಿಯೇನೋ ತೆರೆದುಕೊಂಡಿತು. ಆದದ್ದೇ ಬೇರೆ.

ತೋಟದ ಮಣ್ಣು ಅಷ್ಟರಲ್ಲಿ ಸತ್ತು ಹೋಗಿತ್ತು. ಅಗೆದರೆ ಒಂದು ಎರೆಹುಳ ಕಾಣುತ್ತಿರಲಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಸಿಮೆಂಟಿನ ಪುಡಿಯಂತೆ ಜಾರುತ್ತಿತ್ತು. ಎಷ್ಟು ಔಷಧಿ ಸುರಿದರೂ ಪ್ರತಿ ಬೆಳೆಗೂ ಸೊರಗು ರೋಗ ಬರುತ್ತಿತ್ತು: ಬೆಳಿಗ್ಗೆ ನೆಟ್ಟಗೆ ನಿಂತಿದ್ದ ಗಿಡ ಮಧ್ಯಾಹ್ನಕ್ಕೆ ತಲೆ ಬಗ್ಗಿಸಿ, ಆಮೇಲೆ ಮೇಲೇಳುತ್ತಲೇ ಇರಲಿಲ್ಲ. ಅದರ ಮೇಲೆ, ಹಣ್ಣಿನಲ್ಲಿ ವಿಷ ಉಳಿದಿದೆಯೆಂದು ಕೊಳ್ಳುವವರು ತುಂಬಿದ ಲಾರಿಯನ್ನೇ ಹಿಂದಕ್ಕೆ ಕಳಿಸಿದರು. ಮಾಲೀಕರು ಮ್ಯಾನೇಜರನ್ನು ಕೂರಿಸಿ ಮಾತಾಡಿದರು. ಮುಂದಿನ ಬೆಳೆಗೆ ಒಂದು ಹಸಿರುಮನೆಯಲ್ಲಿ ಔಷಧಿ ಪೂರ್ತಿ ನಿಲ್ಲಿಸಿ, ಬದಲಿಗೆ ಉಪಕಾರಿ ಸೂಕ್ಷ್ಮಜೀವಿಗಳನ್ನು ಮಣ್ಣಿಗೆ ಬಿಟ್ಟು ನೋಡುವುದು ಎಂದು ತೀರ್ಮಾನವಾಯಿತು. ಅದನ್ನು ಕಲಿಸಿಕೊಡಲು ಲ್ಯಾಬಿನಿಂದ ಒಬ್ಬ ಮೇಡಂ ಬಂದರು; ಎಲ್ಲರ ಬಾಯಲ್ಲಿ ಅವರು ಲ್ಯಾಬ್ ಮೇಡಂ. ಮೆಲುದನಿಯವರು, ಮಾತಿನ ನಡುವೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುವ ಅಭ್ಯಾಸ. ರೋಗ ಬೇರಿಗೆ ಹತ್ತುವ ಮೊದಲೇ, ಸಸಿಯಾಗಿದ್ದಾಗಲೇ ಈ ಕೆಲಸ ಶುರುವಾಗಬೇಕು ಎಂದು ಅವರು ಸಸಿ ಶೆಡ್ಡಿಗೇ ಬಂದು, ಅಲ್ಲಿದ್ದವರಲ್ಲಿ ಹಳಬಳಾದ ಇವಳನ್ನು ಆರಿಸಿಕೊಂಡರು.

"ಒಂದು ಚಿಟಿಕೆ ಮಣ್ಣಲ್ಲಿ ಊರಿಗೆ ಊರೇ ಇರುತ್ತೆ ಅಕ್ಕಾ," ಎಂದರು ಮೇಡಂ. "ಒಳ್ಳೆಯವರು, ಕೆಟ್ಟವರು, ತಮ್ಮ ಪಾಡಿಗೆ ತಾವಿರೋರು. ಇಲ್ಲಿ ಎಲ್ಲರಿಗೂ ಸೇರಿಸಿ ಔಷಧಿ ಹೊಡೆದು ಊರನ್ನೇ ಖಾಲಿ ಮಾಡಿಬಿಟ್ಟಿದ್ದಾರೆ. ಖಾಲಿ ಮನೆಗೆ ಮೊದಲು ನುಗ್ಗೋರು ಯಾರು ಹೇಳಿ?"

"ಕಳ್ಳರು."

"ಅಷ್ಟೇ. ನಾವು ಮತ್ತೆ ಒಕ್ಕಲು ಕೂರಿಸ್ಬೇಕು. ಬೇರಿನ ಸುತ್ತ ಒಳ್ಳೆಯವರು ಕೂತ್ಬಿಟ್ರೆ ಕಳ್ಳನಿಗೆ ಕಾಲಿಡೋಕೆ ಜಾಗ ಇರಲ್ಲ."

ಗೋಡೌನಿನ ಪಕ್ಕದ ಕೋಣೆಯಲ್ಲಿ ಬಿಳಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಸಾಲಾಗಿ ಇಟ್ಟರು. ನಳದ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಒಂದು ದಿನ ತೆರೆದಿಟ್ಟು ಆರಲು ಬಿಡಬೇಕು, ಇಲ್ಲವಾದರೆ ಒಳಗೆ ಹಾಕಿದ ಜೀವಗಳು ಸಾಯುತ್ತವೆ. ಆರಿದ ನೀರಿಗೆ ಬೆಲ್ಲದ ಪಾಕದಂಥ ಕಪ್ಪು ಕಾಕಂಬಿ ಕಲಸಿ, ಮೇಡಂ ತಂದ ಪೊಟ್ಟಣವನ್ನು ಸುರಿದು, ಮೀನಿನ ತೊಟ್ಟಿಗೆ ಹಾಕುವಂಥ ಪಂಪಿನಿಂದ ಗಾಳಿ ಬಿಟ್ಟರೆ ಡ್ರಮ್ಮು ಗುಳುಗುಳು ಎನ್ನುತ್ತಾ ನೊರೆಗಟ್ಟುತ್ತಿತ್ತು. ಇನ್ನೊಂದು ಕಡೆ, ಆವಿಯಲ್ಲಿ ಬೇಯಿಸಿ ಆರಿಸಿದ ಕಾಳನ್ನು ಚೀಲಗಳಲ್ಲಿ ತುಂಬಿ ಅದರ ಮೇಲೆ ಹಸಿರು ಬೂಷ್ಟು ಬೆಳೆಸುವುದು; ಕೆಟ್ಟ ಬೂಷ್ಟನ್ನು ತಿಂದು ಬದುಕುವ ಒಳ್ಳೆಯ ಬೂಷ್ಟು ಅದು. ನೆಡುವ ಮೊದಲು ಸಸಿಯ ಬೇರನ್ನು ಈ ನೀರಿನಲ್ಲಿ ಅದ್ದಿ ತೆಗೆಯಬೇಕು, ಆಮೇಲೆ ಹನಿ ನೀರಿನ ಪೈಪಿನಲ್ಲಿ ಅದನ್ನೇ ಬುಡಕ್ಕೆ ಕಳಿಸಬೇಕು. ಅವಳು ಡ್ರಮ್ಮುಗಳನ್ನು ಹಾಲಿನ ಪಾತ್ರೆ ತೊಳೆದಂತೆ ತೊಳೆದು, ಬಟ್ಟೆ ಮುಚ್ಚಿ, ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಳು. ಹೆಸರು ಬಿದ್ದದ್ದು ಆಗಲೇ.

"ಏನ್ ಡ್ರಮ್ಮಕ್ಕಾ, ಸಂಸಾರ ಹೇಗಿದೆ?" ಎಂದು ಆಳುಗಳು ಕೇಳಿದರೆ, "ದೊಡ್ಡ ಸಂಸಾರ ಕಣ್ರಪ್ಪಾ. ಆದ್ರೆ ಒಬ್ರೂ ಎದುರು ಮಾತಾಡಲ್ಲ, ಅದೇ ಪುಣ್ಯ" ಎನ್ನುವಳು.

ಮನೆಯಲ್ಲಿ ಗಂಡ ಮಾತ್ರ ಮೂಗು ಮುರಿದ.

"ಹುಳ ಸಾಯ್ಸೋಕೆ ನಾನು, ಹುಳ ಸಾಕೋಕೆ ನೀನು. ಚೆನ್ನಾಗಿದೆ ನಮ್ಮ ಸಂಸಾರ."

"ಹುಳ ಅಲ್ಲ ಅಪ್ಪ," ಎಂದಳು ಮಗಳು. "ನಮ್ಮ ಬೇಕರೀಲಿ ಈಸ್ಟ್ ಇರಲ್ವಾ, ಹಾಗೆ. ಕಣ್ಣಿಗೆ ಕಾಣಲ್ಲ, ಆದ್ರೆ ಹಿಟ್ಟು ಉಬ್ಬಿಸುತ್ತೆ. ಬಿಸಿ ನೀರು ಹಾಕಿದ್ರೆ ಸತ್ತೋಗುತ್ತೆ, ಆಮೇಲೆ ಎಷ್ಟು ಕಾದ್ರೂ ಬ್ರೆಡ್ ಇಟ್ಟಿಗೆ ಥರ."

ಅವನು ತಟ್ಟೆಯಲ್ಲೇ ಕೈ ತೊಳೆದುಕೊಂಡ. ಆ ಹಸಿರುಮನೆಗೆ ಇನ್ನು ಔಷಧಿ ಹೋಗುವಂತಿಲ್ಲವಾದ್ದರಿಂದ ಮ್ಯಾನೇಜರು ಅವನ ಕೆಲಸದ ಅರ್ಧ ದಿನವನ್ನು ಹಣ್ಣಿನ ಕ್ರೇಟು ಜೋಡಿಸಲು ಹಾಕಿದ್ದರು. ವೈದ್ಯನನ್ನು ಕರೆದು ಆಸ್ಪತ್ರೆಯ ಗೇಟು ಕಾಯಲು ನಿಲ್ಲಿಸಿದಂತಾಗಿತ್ತು ಅವನಿಗೆ. ಹೆಂಡತಿಗೆ ಮಾತ್ರ ಬೇರೆಯೇ ಸಮಾಧಾನ. ಬೆನ್ನಿಂದ ಟ್ಯಾಂಕು ಅರ್ಧವಾದರೂ ಇಳಿಯಿತಲ್ಲ, ಒಂದು ಹಸಿರುಮನೆ ಗೆದ್ದರೆ ಇನ್ನೊಂದು, ಆಮೇಲೆ ಮತ್ತೊಂದು, ಕೊನೆಗೆ ಪೂರ್ತಿ ಇಳಿಯುತ್ತದೆ ಎಂದು ಅವಳ ಲೆಕ್ಕ.

ಗಿಡಗಳು ಮೇಲಿಂದ ಇಳಿಬಿಟ್ಟ ದಾರ ಹಿಡಿದು ಎದೆಯೆತ್ತರ ಬಂದಾಗ ಕೊನೆಯ ಸಾಲುಗಳಲ್ಲಿ ಕೆಲವು ತಲೆ ಬಗ್ಗಿಸಿದವು. ಲ್ಯಾಬ್ ಮೇಡಂ ಗಾಬರಿಯಾಗಲಿಲ್ಲ. "ಮೊದಲನೇ ಬೆಳೆಯಲ್ಲಿ ಒಂದಷ್ಟು ಹೋಗುತ್ತೆ. ಸತ್ತ ಗಿಡ ಬೇರು ಸಮೇತ ತೆಗೀರಿ, ಹಸಿರು ಬೂಷ್ಟು ಹಾಕಿ, ಸುಮ್ನಿರಿ. ಒಕ್ಕಲು ಕೂರೋಕೆ ಟೈಮ್ ಬೇಕು" ಎಂದರು. ಔಷಧಿಯಣ್ಣನಿಗೆ ಅದು ಅರಗಲಿಲ್ಲ. ಕ್ರೇಟು ಹೊರುವ ನೆಪದಲ್ಲಿ ಆ ಹಸಿರುಮನೆಯ ಬಾಗಿಲಿಗೆ ಹೋಗಿ ಬಲೆಯ ಪರದೆಯಾಚೆಯಿಂದ ನೋಡುತ್ತಾ ನಿಲ್ಲುವನು.

"ರೋಗಿ ಕಣ್ಮುಂದೆ ಸಾಯ್ತಿದ್ರೆ ಕೈ ಕಟ್ಕೊಂಡು ನೋಡು ಅಂತಾರಲ್ಲ, ಅವಳೆಂಥ ಮೇಡಮ್ಮು?" ಎಂದ ಮನೆಯಲ್ಲಿ.

"ಸ್ವಲ್ಪ ತಾಳ್ಮೆ ಇರ್ಲಿ ರೀ."

"ಹಸಿರುಮನೆ ಪೂರ್ತಿ ಸೊರಗಿ ಹೋದ್ರೆ ಮೇಡಂ ಬ್ಯಾಗ್ ತಗೊಂಡು ಹೋಗ್ತಾಳೆ. ತಲೆ ಮೇಲೆ ಬರೋದು ನಿನಗೆ."

ಅವನ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಭಯವಿತ್ತು. ಅವಳು ಆಗ ಅದನ್ನು ಗಮನಿಸಲಿಲ್ಲ.

ವಾರದ ರಜೆಯ ದಿನ ತಾಯಿ ಮಗಳು ಬಟ್ಟೆ ಕೊಳ್ಳಲು ಪೇಟೆಗೆ ಹೋದರು. ತಲೆನೋವೆಂದು ಅವನು ಮನೆಯಲ್ಲೇ ಉಳಿದ. ಅವರು ಮರಳಿದಾಗ ಅವನ ಅಂಗಿಯೊಂದು ಒಗೆದು ಹಗ್ಗದ ಮೇಲೆ ಹಾಕಿತ್ತು. ಮದುವೆಯಾದಾಗಿನಿಂದ ಒಂದು ಕರ್ಚೀಫನ್ನೂ ಹಿಂಡದವನು. "ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಎಂದು ಮಗಳು ನಕ್ಕಳು. ಅವನೂ ನಕ್ಕ.

ಮುಂದಿನ ದಿನಗಳಲ್ಲಿ ಸೊರಗುವುದು ನಿಂತಿತು. ತಲೆ ಬಗ್ಗಿಸಿದ್ದ ಕೆಲವು ಗಿಡಗಳೂ ನೆಟ್ಟಗಾದವು. ಡ್ರಮ್ಮಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟಕ್ಕೆ ಕೂತಾಗ, "ನೋಡಿದ್ರಾ? ಕಾದಿದ್ದು ಒಳ್ಳೇದಾಯ್ತಲ್ಲ" ಎಂದಳು. ಅವನು ತಟ್ಟೆ ನೋಡುತ್ತಾ, "ಆಯ್ತಲ್ಲ ಬಿಡು, ಒಳ್ಳೇದೇ ಆಯ್ತು" ಎಂದ. ಅವನ ಮುಖದಲ್ಲೊಂದು ತೃಪ್ತಿಯಿತ್ತು. ತನ್ನ ಗೆಲುವಿಗೆ ಅವನೂ ಸಂತೋಷಪಟ್ಟನೆಂದು ಅವಳಿಗೆ ಊಟ ಇನ್ನಷ್ಟು ರುಚಿಸಿತು.

ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಹಸಿರುಮನೆಯ ಬೆಳೆ ಒಮ್ಮೆಲೇ ಕುಸಿಯಿತು. ಒಂದು ಸಾಲಲ್ಲ, ಎರಡು ಸಾಲಲ್ಲ. ಬಾಗಿಲಿನಿಂದ ಕೊನೆಯ ಗೋಡೆಯ ತನಕ ಗಿಡಗಳು ದಾರಕ್ಕೆ ನೇತುಬಿದ್ದ ಒದ್ದೆ ಬಟ್ಟೆಗಳಂತಾದವು. ಅವಳು ಒಂದು ಗಿಡದ ಬುಡದಲ್ಲಿ ಕೂತು ಕೈಯಿಂದಲೇ ಮಣ್ಣು ಬಗೆದಳು. ಬೇರಿನ ಸುತ್ತ ಕಾಣುತ್ತಿದ್ದ ಹಸಿರು ಪುಡಿ ಇಲ್ಲ. ಮುಷ್ಟಿ ಮಣ್ಣನ್ನು ಮೂಗಿಗೆ ಹಿಡಿದಳು. ಹಳಸಿದ ಬೆಳ್ಳುಳ್ಳಿ, ಸೀಮೆಎಣ್ಣೆ. ಇಷ್ಟು ವರ್ಷ ಯಾರ ಅಂಗಿಯಿಂದ ತೆಗೆಯಲು ಹೋಗಿ ಸೋತಿದ್ದಳೋ ಅದೇ ವಾಸನೆ.

ಹಗ್ಗದ ಮೇಲಿನ ಅಂಗಿ ಅವಳ ಕಣ್ಣ ಮುಂದೆ ಬಂತು. ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ. ರಜೆಯ ದಿನ ಅವನು ಗೋಡೌನಿನ ಹಳೆಯ ಔಷಧಿ ಕಲಸಿ, ನಡುಗುವ ಕೈಯಲ್ಲಿ ಒಂದೊಂದು ಬುಡಕ್ಕೂ ಸುರಿದಿದ್ದ. ಅದು ಕೆಟ್ಟದ್ದರ ಜೊತೆಗೆ ಅವಳು ಕೂರಿಸಿದ್ದ ಒಕ್ಕಲನ್ನೆಲ್ಲ ಕೊಂದಿತ್ತು. ಔಷಧಿಯ ಕಾವು ಇಳಿದ ಮೇಲೆ ಖಾಲಿ ಮಣ್ಣಿಗೆ ರೋಗ ಮೊದಲು ನುಗ್ಗಿತ್ತು. ಅವನು ಕೆಡಿಸಬೇಕೆಂದು ಮಾಡಿದ್ದಲ್ಲ. ಅವಳ ತಲೆಯ ಮೇಲೆ ಬರಬಾರದೆಂದು ಮಾಡಿದ್ದು. ಅದೂ ಅವಳಿಗೆ ಆ ಮಣ್ಣಿನ ಮುಂದೆ ಕೂತಲ್ಲೇ ತಿಳಿಯಿತು. ಸಿಟ್ಟು ಬರಬೇಕಿತ್ತು. ಬಂದದ್ದು ಅಳು.

ಲ್ಯಾಬ್ ಮೇಡಂ ಮಣ್ಣು ಒಯ್ದು ಪರೀಕ್ಷೆ ಮಾಡಿ ಮರಳಿ ಬಂದರು. ಡ್ರಮ್ಮಿನ ಕೋಣೆಯಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಔಷಧಿಯಣ್ಣ ಬಾಗಿಲ ಬಳಿ ಕೈಯಲ್ಲಿ ಖಾಲಿ ಕ್ರೇಟು ಹಿಡಿದು ನಿಂತಿದ್ದ.

"ಒಳ್ಳೆ ಜೀವಗಳು ಒಂದೂ ಉಳಿದಿಲ್ಲ," ಎಂದರು ಮೇಡಂ. "ಯಾರಾದ್ರೂ ಮಣ್ಣಿಗೆ ಏನಾದ್ರೂ ಹಾಕಿದ್ರಾ?"

ಮ್ಯಾನೇಜರ ಮುಖ ಕೆಂಪಾಗಿತ್ತು. "ಹಾಕಿದ್ದು ಯಾರು ಅಂತ ಗೊತ್ತಾದ್ರೆ ಇವತ್ತೇ ಗೇಟಿಂದ ಆಚೆ ಕಳಿಸ್ತೀನಿ. ಮತ್ತೆ ಈ ಕಡೆ ಮುಖ ಹಾಕೋ ಹಾಗಿಲ್ಲ."

ಅವಳು ಗಂಡನ ಕಡೆ ನೋಡಲಿಲ್ಲ. ನೋಡಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಕೈ ನಡುಗುವವನಿಗೆ ಯಾರು ಬೇರೆ ಕೆಲಸ ಕೊಡುತ್ತಾರೆ ಎಂದು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅವನು ಕೇಳಿದ್ದು ಕಿವಿಯಲ್ಲಿ ಕೂತಿತ್ತು.

"ನನ್ನದೇ ತಪ್ಪು ಸಾರ್," ಎಂದಳು. "ನಳದ ನೀರನ್ನ ಆರೋಕೆ ಬಿಡ್ದೆ ಹಾಗೇ ಡ್ರಮ್ಮಿಗೆ ಹಾಕ್ಬಿಟ್ಟಿದ್ದೀನಿ. ಒಂದೆರಡು ಸಲ. ಅವಸರದಲ್ಲಿ."

ಮೇಡಂ ಕನ್ನಡಕ ತೆಗೆದು ಒರೆಸಿದರು. ಅವಳ ಮುಖವನ್ನೇ ನೋಡಿದರು. "ಬರೀ ನಳದ ನೀರಿಗೆ ಇಷ್ಟಾಗಲ್ವಲ್ಲ ಅಕ್ಕಾ" ಎಂದರು ಮೆಲ್ಲಗೆ. ಆದರೆ ಮ್ಯಾನೇಜರಿಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತಿದೆ. ಇಲ್ಲಿ ಎಮ್ಮೆಯೇ ಬಂದು ಬೆನ್ನೊಡ್ಡಿತ್ತು. ಅವಳನ್ನು ಹಣ್ಣು ಪ್ಯಾಕ್ ಮಾಡುವ ಶೆಡ್ಡಿಗೆ ಹಾಕಿದರು. ಡ್ರಮ್ಮುಗಳನ್ನು ಬೋರಲು ಹಾಕಿದರು. ಹೋಗುವ ಮುಂಚೆ ಮೇಡಂ ಅವಳ ಭುಜ ಮುಟ್ಟಿ, "ಏನಾದ್ರೂ ಹೇಳ್ಬೇಕು ಅನ್ಸಿದ್ರೆ ಫೋನ್ ಮಾಡಿ" ಎಂದರು. ಅವಳು ತಲೆಯಾಡಿಸಿದಳು. ಮಾಡಲಿಲ್ಲ.

ಔಷಧಿಯಣ್ಣ ಇದನ್ನೆಲ್ಲ ಕೇಳಿಸಿಕೊಂಡು ಕ್ರೇಟು ಹಿಡಿದೇ ನಿಂತಿದ್ದ. ಅಂದು ಸಂಜೆ ಮನೆಗೆ ಬಂದು ಕೊಡ ತೊಳೆದು ನೀರು ತುಂಬಿಸಿಟ್ಟ. ಮರುದಿನ ತರಕಾರಿ ಹೆಚ್ಚಿಕೊಟ್ಟ. ಹೀಗೆ ಕೇಳದೆಯೇ ಒಂದೊಂದು ಕೆಲಸ. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಅವಳು ಕಾದಳು. ಅವನು ಬಾಯಿ ತೆರೆದರೆ ಬರುತ್ತಿದ್ದುದು, "ಉಪ್ಪು ಇನ್ನೂ ಬೇಕಾ?" ಎಂಬಂಥ ಮಾತು. ಅವಳಾದರೂ ಕೇಳಬಹುದಿತ್ತು. ಕೇಳಿದರೆ ಅವನ ತಲೆ ಎಂದೆಂದಿಗೂ ತಗ್ಗಿಹೋಗುತ್ತದೆ ಎಂದು ಹೆದರಿದಳು. ಹೀಗೆ ಒಂದೇ ಚಾಪೆಯ ಮೇಲೆ ಮಲಗುವ ಇಬ್ಬರ ನಡುವೆ ಆ ಮಾತು ಮೂರನೆಯವರಂತೆ ಬಂದು ಮಲಗಿತು.

ತೋಟ ಹಳೆಯ ದಾರಿಗೆ ಮರಳಿತು. ಮರಳಿತೆನ್ನುವುದಕ್ಕಿಂತ, ಓಡಿತು. ಹೋದ ಬೆಳೆಯ ನಷ್ಟ ತುಂಬಬೇಕಾಗಿತ್ತು. ರೋಗ ಮತ್ತೆ ಬರಬಾರದೆಂದು ಮೊದಲಿಗಿಂತ ಹೆಚ್ಚು ಔಷಧಿ ತರಿಸಿದರು. ಕ್ರೇಟಿನ ಕೆಲಸ ಬಿಡಿಸಿ ಟ್ಯಾಂಕನ್ನು ಪೂರ್ತಿಯಾಗಿ ಔಷಧಿಯಣ್ಣನ ಬೆನ್ನಿಗೆ ಏರಿಸಿದರು. ಅವಳು ಪ್ಯಾಕಿಂಗ್ ಶೆಡ್ಡಿನಲ್ಲಿ ಹಣ್ಣು ಒರೆಸುತ್ತಾ, ಕಿಟಕಿಯಿಂದ ಆ ಹಳದಿ ಕೋಟು ಒಂದು ಹಸಿರುಮನೆಯಿಂದ ಇನ್ನೊಂದಕ್ಕೆ ಹೋಗುವುದನ್ನು ನೋಡುತ್ತಿದ್ದಳು. ತಾನು ಹೇಳಿದ ಸುಳ್ಳು ಏನು ಮಾಡಿತೆಂಬುದು ಅವಳಿಗೆ ಹೊಳೆದದ್ದು ಆಗ. ನಿಜ ಹೇಳಿದ್ದರೆ ಅವನ ಕೆಲಸ ಹೋಗುತ್ತಿತ್ತು, ಸೂಕ್ಷ್ಮಜೀವಿಗಳ ಪ್ರಯೋಗ ಉಳಿಯುತ್ತಿತ್ತು. ಸುಳ್ಳು ಹೇಳಿದ್ದರಿಂದ ಅದು ಸೋತಿತೆಂದು ಎಲ್ಲರೂ ನಂಬಿದರು, ಇವನು ಮತ್ತೆ ಆ ಔಷಧಿಯ ಮೋಡದೊಳಗೆ ಹೊಕ್ಕ. ಈಗ ಹೋಗಿ ಹೇಳಿಬಿಡಲೇ ಎಂದು ಎಷ್ಟೋ ಸಲ ಮ್ಯಾನೇಜರ ಬಾಗಿಲ ತನಕ ಹೋದಳು. ಪ್ರತಿ ಸಲವೂ ಒಳಗೆ ಯಾರೋ ಇರುತ್ತಿದ್ದರು, ಅಥವಾ ಇದ್ದಾರೆಂದು ಅವಳಿಗೆ ಅನಿಸುತ್ತಿತ್ತು.

ಬೇಸಿಗೆಯಲ್ಲಿ ಬಿಳಿನೊಣ ಬಿತ್ತು. ಮಧ್ಯಾಹ್ನದ ಊಟ ಮುಗಿಸಿ ಅವಳು ಕೈ ತೊಳೆಯುತ್ತಿರುವಾಗ ಕೊನೆಯ ಹಸಿರುಮನೆಯ ಕಡೆಯಿಂದ ಜನ ಓಡಿ ಬಂದರು. ಅವನು ಸಾಲಿನ ನಡುವೆ ಬೋರಲು ಬಿದ್ದಿದ್ದ. ಟ್ಯಾಂಕು ಬೆನ್ನಿನ ಮೇಲೇ ಇತ್ತು, ಪಟ್ಟಿ ಬಿಚ್ಚಲು ಆಗದೆ ಯಾರೋ ಕುಡುಗೋಲಿನಿಂದ ಕತ್ತರಿಸಿದರು. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಯ ನೊರೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಆಸ್ಪತ್ರೆಯಲ್ಲಿ ಬದುಕಿಸಿದರು. ಆದರೆ ಡಾಕ್ಟರು, "ಇದು ಇವತ್ತಿನ ಒಂದು ದಿನದ್ದಲ್ಲ. ನರ, ಶ್ವಾಸಕೋಶ ಎರಡೂ ಹಣ್ಣಾಗಿವೆ. ಮನೆಯಲ್ಲಿ ನೆಮ್ಮದಿಯಾಗಿ ನೋಡಿಕೊಳ್ಳಿ" ಎಂದರು. ಆ ಕೊನೆಯ ಮಾತಿನ ಅರ್ಥ ಯಾರಿಗೆ ತಿಳಿಯದು?

ಕಿಟಕಿಯ ಪಕ್ಕ ಹಾಸಿಗೆ ಹಾಕಿದರು. ಒಂದು ಸಂಜೆ ಅವಳು ಗಂಜಿ ಕುಡಿಸುತ್ತಿದ್ದಾಗ ಅವನು ಚಮಚವನ್ನು ತಡೆದು ಹಿಡಿದ.

"ಯಾಕೆ ಹೇಳ್ಲಿಲ್ಲ ನೀನು?"

ಏನು ಎಂದು ಅವಳು ಕೇಳಲಿಲ್ಲ. "ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು."

"ಹೋಗ್ಬೇಕಿತ್ತು." ಉಸಿರು ಹಿಡಿಯಲು ಅವನು ಮಾತು ನಿಲ್ಲಿಸಿದ. "ನಾನು ನಿನ್ನ ಉಳಿಸೋಕೆ ಹೋಗಿ ನಿನ್ನ ಕೆಲಸ ಕಳೆದೆ. ಅವತ್ತೇ ಹೇಳ್ಬೇಕು ಅಂತ ಬಾಯಿಗೆ ಬಂದಿತ್ತು. ನೀನು ಎಲ್ಲರ ಮುಂದೆ ನಿನ್ನ ತಲೆಗೆ ಎಳ್ಕೊಂಡ್ಮೇಲೆ... ಹೇಗೆ ಹೇಳ್ಲಿ? ಗಂಡಸು ಅಂತ ಹೇಗೆ ನಿಂತ್ಕೊಳ್ಲಿ?"

"ಗಂಜಿ ಆರುತ್ತೆ," ಎಂದಳು ಅವಳು.

ಒಳಗೆ ರೊಟ್ಟಿ ತಟ್ಟುತ್ತಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಪ್ಪ ಕಣ್ಣು ಮುಚ್ಚಿದ ಮೇಲೆ ತಾಯಿಯನ್ನು ಅಡುಗೆಮನೆಗೆ ಕರೆದಳು.

"ಕೆಲಸದಿಂದ ತೆಗೀತಿದ್ರು. ಅಷ್ಟೇ ತಾನೇ ಅಮ್ಮ? ನಾನು ದುಡೀತಿರ್ಲಿಲ್ವಾ? ಬೈಸ್ಕೊಂಡು ಮನೇಲಿ ಕೂತಿರ್ತಿದ್ರು. ಉಸಿರಾಡ್ತಾ ಕೂತಿರ್ತಿದ್ರು."

"ನನಗೇನ್ ಗೊತ್ತಿತ್ತು ಮಗಳೇ."

"ಡಾಕ್ಟರ್ ಹೇಳಿದ್ದು ಗೊತ್ತಿತ್ತಲ್ಲ."

ತಾಯಿ ನೆಲ ನೋಡಿದಳು. ಮಗಳು ಅಂದದ್ದರಲ್ಲಿ ಸುಳ್ಳೇನಿರಲಿಲ್ಲ. ಅಂದಿನಿಂದ ಮಗಳು ಬೇಕಾದಷ್ಟು ಮಾತ್ರ ಮಾತಾಡಿದಳು.

ಸ್ವಲ್ಪ ನಡೆಯುವಂತಾದಾಗ ಅವನು ಹಟ ಹಿಡಿದು, ಮಗಳ ಹೆಗಲ ಮೇಲೆ ಕೈ ಹಾಕಿ, ಆಟೋದಲ್ಲಿ ತೋಟಕ್ಕೆ ಹೋದ. ಹೆಂಡತಿಯನ್ನು ಬರಬೇಡ ಎಂದ. ಮ್ಯಾನೇಜರ ಕೋಣೆಯಲ್ಲಿ ಕುರ್ಚಿ ಕೊಟ್ಟರೂ ಕೂರದೆ, ನಿಂತೇ, ನಡೆದದ್ದನ್ನೆಲ್ಲ ಹೇಳಿದನಂತೆ. ಮ್ಯಾನೇಜರು ಬೈಯುವ ಬದಲು ನೀರು ತರಿಸಿ ಕೊಟ್ಟರಂತೆ. "ಮೊದಲೇ ಹೇಳಿದ್ರೆ ಬೈತಿದ್ದೆ ಕಣಯ್ಯಾ. ಈಗ ಯಾವ ಬಾಯಲ್ಲಿ ಬೈಲಿ?" ಎಂದರಂತೆ. ಮಗಳೇ ಬಂದು ಹೇಳಿದಳು.

ಮಾಲೀಕರಿಗೆ ಸುದ್ದಿ ಹೋಯಿತು. ಲ್ಯಾಬ್ ಮೇಡಮ್ಮಿಗೂ ಹೋಯಿತು. ಮಳೆ ಶುರುವಾಗುವ ಹೊತ್ತಿಗೆ ಬೋರಲು ಹಾಕಿದ್ದ ಡ್ರಮ್ಮುಗಳನ್ನು ಮತ್ತೆ ನಿಲ್ಲಿಸಿದರು, ಡ್ರಮ್ಮಕ್ಕನಿಗೆ ಕೋಣೆಯ ಬೀಗದಕೈ ಕೊಟ್ಟರು. ಈ ಸಲ ಅವಳು ಹಗಲು ಅಲ್ಲಿ ದುಡಿದು, ಸಂಜೆ ಬಂದು ಅವನ ಹಾಸಿಗೆಯ ಅಂಚಿಗೆ ಕೂತು ಎಲ್ಲವನ್ನೂ ಹೇಳುವಳು. ಸಸಿಯ ಬೇರು ಹತ್ತಿಯ ಎಳೆಯ ಹಾಗೆ ಬೆಳ್ಳಗೆ ಬಂದಿದೆ. ನೆಟ್ಟಾಯಿತು. ಒಂದು ಎರೆಹುಳ ಸಿಕ್ಕಿತು, ಎಲ್ಲರೂ ನೆಂಟರು ಬಂದ ಹಾಗೆ ನೋಡಿದರು. ಅವನು ಕಣ್ಣು ಮುಚ್ಚಿಕೊಂಡು ಕೇಳುವನು. ನಡುವೆ, "ಎಲೆ ಹಿಂಭಾಗ ನೋಡಿದ್ಯಾ?" ಎನ್ನುವನು.

ಒಂದು ದಿನ ಆ ಹೊಸ ಮಣ್ಣನ್ನು ಒಂದು ಹಿಡಿ ತಂದು ಅವನ ಮೂಗಿನ ಹತ್ತಿರ ಹಿಡಿದಳು.

"ಮಳೆ ಬಿದ್ದ ನೆಲದ ವಾಸನೆ ಬರ್ತಿದೆ ಅಲ್ವಾ?"

"ಬರ್ತಿದೆ," ಎಂದ ಅವನು. "ಚೆನ್ನಾಗಿದೆ."

ಔಷಧಿ ಅವನ ಮೂಗನ್ನು ಎಂದೋ ತಿಂದು ಹಾಕಿತ್ತು. ಪಕ್ಕದಲ್ಲಿ ಹಾಲು ಹೊತ್ತಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಅದು ಅವಳಿಗೂ ಗೊತ್ತು. "ಹೂಂ, ಚೆನ್ನಾಗಿದೆ" ಎಂದು ಅವಳೂ ಅಂದು, ಮಣ್ಣನ್ನು ಕಿಟಕಿಯಾಚೆ ಚೆಲ್ಲಿ, ಅಲ್ಲೇ ಸ್ವಲ್ಪ ಹೊತ್ತು ಮುಖ ತಿರುಗಿಸಿ ನಿಂತಳು.

ಗಿಡಗಳು ಹೂ ಬಿಡುವ ಮುಂಚೆ ಅವನು ಹೋದ. ಬೆಳಿಗ್ಗೆ, ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ. ಚಹಾ ಬೇಕಾ ಎಂದು ಕೇಳಲು ಬಂದಾಗ ಅವನು ಕಿಟಕಿಯ ಕಡೆ ತಿರುಗಿದ್ದ. ಎರಡು ಸಲ ಕೇಳಿದಳು.

ತೋಟದವರೆಲ್ಲ ಬಂದಿದ್ದರು. ಒಳ್ಳೆಯ ಕೆಲಸಗಾರ, ಗಿಡದ ಮೇಲೆ ಜೀವ ಇಟ್ಟಿದ್ದವ ಎಂದರು. ಯಾರೂ ಸೊರಗಿಹೋದ ಬೆಳೆಯ ಮಾತೆತ್ತಲಿಲ್ಲ. ಲ್ಯಾಬ್ ಮೇಡಂ ಅವಳ ಪಕ್ಕ ನೆಲದ ಮೇಲೇ ಕೂತರು. "ಆ ಬೇಸಿಗೇಲಿ ಹೊಡೆದದ್ದೊಂದೇ ಕಾರಣ ಅಲ್ಲ ಅಕ್ಕಾ. ಎಷ್ಟೋ ವರ್ಷದ್ದು ಮೈಯಲ್ಲಿತ್ತು" ಎಂದರು. ಸಮಾಧಾನಕ್ಕೆ ಆಡಿದ ಮಾತಲ್ಲ, ನಿಜವೇ ಇರಬಹುದು. ಡ್ರಮ್ಮಕ್ಕ ತಲೆಯಾಡಿಸಿದಳು. ಆದರೆ ಕಿಟಕಿಯಿಂದ ಕಂಡ ಆ ಬೇಸಿಗೆಯ ಹಳದಿ ಕೋಟು ಯಾರ ಮಾತಿಗೂ ಅವಳ ಕಣ್ಣಿನಿಂದ ಅಳಿಯಲಿಲ್ಲ.

ಆ ಬೆಳೆ ಕೈಹಿಡಿಯಿತು. ಕೆಲವು ಗಿಡ ಹೋದವು, ಮಿಕ್ಕವು ಉಳಿದವು. ಕೊಳ್ಳುವವರು ಹಣ್ಣನ್ನು ಹಿಂದಕ್ಕೆ ಕಳಿಸಲಿಲ್ಲ. ಮುಂದಿನ ಬೆಳೆಗೆ ಇನ್ನೆರಡು ಹಸಿರುಮನೆಗಳಿಗೆ ಡ್ರಮ್ಮಿನ ನೀರು ಹೋಯಿತು, ಹೀಗೆ ಒಂದೊಂದಾಗಿ. ಅವನು ಬಿದ್ದಿದ್ದ ಕೊನೆಯ ಮನೆಯ ಸರದಿ ಎಲ್ಲಕ್ಕಿಂತ ತಡವಾಗಿ ಬಂತು. ಔಷಧಿ ಪೂರ್ತಿ ನಿಂತಿತೆಂದಲ್ಲ. ಬಿಳಿನೊಣ ಮಿತಿಮೀರಿದರೆ ಈಗಲೂ ಒಂದೊಂದು ಸಲ ಹೊಡೆಯುತ್ತಾರೆ. ಹೊಡೆಯುವ ಹುಡುಗ ಮಾಸ್ಕು ಇಳಿಸಿದ್ದು ಕಂಡರೆ ಡ್ರಮ್ಮಕ್ಕ ಅವನನ್ನು ಎಳೆದು ಹೊರಗೆ ತರುತ್ತಾಳೆ. ಆಗ ಅವಳ ಬಾಯಿಂದ ಬರುವ ಬೈಗುಳಕ್ಕೆ ಮ್ಯಾನೇಜರೂ ದೂರ ಸರಿಯುತ್ತಾರೆ.

ಮಗಳು ತೋಟಕ್ಕೆ ಕಾಲಿಡಲಿಲ್ಲ. ತಾಯಿಯ ಜೊತೆ ಒಂದೇ ಮನೆಯಲ್ಲಿದ್ದಳು, ಬೇಕರಿಯಿಂದ ಬರುವಾಗ ಅವಳಿಗಿಷ್ಟವಾದ ಬನ್ನು ತರುತ್ತಿದ್ದಳು, ಜ್ವರ ಬಂದರೆ ತಲೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಆದರೆ ಅಪ್ಪನ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ತಾಯಿ ಅದಕ್ಕೆ ಬೇಸರಪಡಲಿಲ್ಲ. ತನಗೆ ಸಿಗಬೇಕಾದದ್ದೇ ಎಂದುಕೊಂಡಳು.

ಒಂದು ದಿನ ಬೇಕರಿಗೆ ರಜೆ. ಸಂಜೆ ಕೆಲಸ ಬಿಡುವ ಹೊತ್ತಿಗೆ ಮಗಳು ಗೇಟಿನ ಹತ್ತಿರ ನಿಂತಿದ್ದಳು. ಯಾಕೆ ಬಂದೆ ಎಂದು ತಾಯಿ ಕೇಳಲಿಲ್ಲ. ಕೇಳಿದರೆ ತಿರುಗಿ ಹೋದಾಳು.

"ಎಲ್ಲಿ ಬಿದ್ದಿದ್ರು?" ಎಂದಳು ಮಗಳು.

ಕೊನೆಯ ಹಸಿರುಮನೆಗೆ ಇಬ್ಬರೂ ನಡೆದರು. ಬಲೆಯ ಬಾಗಿಲು ತೆರೆದು ತಾಯಿ ಮುಂದೆ ಹೋದಳು. ದಾರ ಹಿಡಿದ ಗಿಡಗಳು ತಲೆಯೆತ್ತರ ನಿಂತಿದ್ದವು, ಕೆಳಗಿನ ಗೊಂಚಲುಗಳು ಕೆಂಪಾಗಿದ್ದವು. ಸಾಲಿನ ನಡುವೆ ಒಂದು ಕಡೆ ನಿಂತು, "ಇಲ್ಲಿ" ಎಂದಳು. ಅಲ್ಲಿ ಗುರುತೇನೂ ಇರಲಿಲ್ಲ. ಎಲ್ಲ ಕಡೆ ಇದ್ದಂಥದ್ದೇ ಗಿಡ, ಎಲ್ಲ ಕಡೆ ಇದ್ದಂಥದ್ದೇ ಮಣ್ಣು.

ಮಗಳು ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಹಿಡಿದಿದ್ದಳು.

"ಇಲ್ಲಿ ಉಸಿರಾಡ್ಬಹುದಾ ಅಮ್ಮ?"

"ಆಡ್ಬಹುದು."

ಮಗಳು ಸೆರಗು ಇಳಿಸಿದಳು. ಮೆಲ್ಲಗೆ ನಡೆದು ಬಂದು ತಾಯಿ ತೋರಿಸಿದ ಜಾಗದ ಪಕ್ಕದಲ್ಲಿ ನೆಲದ ಮೇಲೆ ಕೂತಳು. ತಾಯಿಯೂ ಮಂಡಿ ಹಿಡಿದುಕೊಂಡು ಕೂತಳು. ಮಗಳು ಅಳುತ್ತಿದ್ದಳು, ತಾಯಿ ಅವಳ ಬೆನ್ನ ಮೇಲೆ ಕೈಯಿಟ್ಟಳು, ಮಗಳು ಆ ಕೈಯನ್ನು ತಳ್ಳಲಿಲ್ಲ. ಬಹಳ ಹೊತ್ತಿನ ಮೇಲೆ, ಮಾಡಿನ ಕಿಟಕಿಗಳನ್ನು ಮುಚ್ಚಲು ಬಂದ ಆಳು ಬಾಗಿಲಿನಿಂದ ಕೂಗಿ ಕೇಳಿದ:

"ಡ್ರಮ್ಮಕ್ಕಾ, ಒಳಗೆ ಇದ್ದೀರಾ? ಮುಚ್ಲಾ?"

"ಇನ್ನೊಂದು ಸ್ವಲ್ಪ ಹೊತ್ತು ಬಿಡಪ್ಪಾ," ಎಂದಳು ಅವಳು.